ಫಾರ್ವರ್ಡ್ ಮಾಡುವ ಮುನ್ನ: ಫೋನಿನಲ್ಲಿರುವುದು ಸಾಕ್ಷ್ಯವಾಗುವ ಬಗೆ

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ನಿಮ್ಮ ಆಫೀಸಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ನಾಲ್ಕು ಲಕ್ಷ ರೂಪಾಯಿಯ ಮಾಲು ಉದ್ರಿ ಕೊಟ್ಟಿದ್ದಾರೆ. ಸಹಿ ಮಾಡಿಸಿಕೊಂಡ ಬಿಲ್ ಇಲ್ಲ, ಲಾರಿ ಚೀಟಿ ಕಳೆದುಹೋಗಿದೆ. ಕೈಯಲ್ಲಿರುವುದು ಮಾಲು ತಗೊಂಡವನು ಅಂದು ರಾತ್ರಿ ಕಳಿಸಿದ ಹನ್ನೊಂದು ಸೆಕೆಂಡಿನ ಧ್ವನಿ ಸಂದೇಶ ಒಂದೇ: "ಅಣ್ಣಾ, ಮಾಲು ಮುಟ್ಟೇತಿ, ನಾಕು ಲಕ್ಷ ಯುಗಾದಿ ಒಳಗ ಕೊಟ್ಟಬಿಡ್ತೀನಿ." ಕೇಳಿ ನಿಮ್ಮ ಮುಖ ಅರಳುತ್ತದೆ. ಕೂಡಲೇ ಬಾಯಿಂದ ಬರುವ ಮಾತು, "ಅದನ್ನ ನನ್ನ ನಂಬರಿಗೆ ಫಾರ್ವರ್ಡ್ ಮಾಡ್ರಿ."

ಕೇಸು ಸಡಿಲವಾಗುವುದು ಅಲ್ಲಿಂದ.

ಫಾರ್ವರ್ಡ್ ಆಗಿ ಬಂದ ಸಂದೇಶದಲ್ಲಿ ಮೂಲ ಕಳಿಸಿದವನ ಹೆಸರಿಲ್ಲ, ನಂಬರಿಲ್ಲ, ಅವನು ಕಳಿಸಿದ ದಿನಾಂಕವಿಲ್ಲ. ನಿಮ್ಮ ಫೋನಿನ ಮಟ್ಟಿಗೆ ಅದನ್ನು ಕಳಿಸಿದವರು ನಿಮ್ಮ ಕಕ್ಷಿದಾರರೇ. ಅಲ್ಲಿಂದ ಜೂನಿಯರ್ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ, ಪೆನ್‌ಡ್ರೈವಿಗೆ ಹಾಕಿ, ಕೋರ್ಟ್ ಎದುರಿನ ಅಂಗಡಿಯಲ್ಲಿ ಸಿ.ಡಿ. ಬರೆಸಿಕೊಂಡು ಬರುತ್ತಾನೆ. ಎರಡು ವರ್ಷದ ನಂತರ ಪಾಟಿಸವಾಲಿನಲ್ಲಿ ಎದುರಿನ ವಕೀಲರು ಕೇಳುವ ಮೊದಲ ಪ್ರಶ್ನೆ ಇಷ್ಟೇ: ಈ ಸಿ.ಡಿ. ಯಾವ ಸಾಧನದಿಂದ ತೆಗೆದದ್ದು, ತೆಗೆದವರು ಯಾರು? ಆ ಹೊತ್ತಿಗೆ ವ್ಯಾಪಾರಿ ಫೋನು ಬದಲಿಸಿರುತ್ತಾರೆ, ಜೂನಿಯರ್ ಆಫೀಸು ಬದಲಿಸಿರುತ್ತಾನೆ.

ಈ ಒಂದು ಪ್ರಶ್ನೆಯ ಸುತ್ತ ನಮ್ಮ ಸುಪ್ರೀಂ ಕೋರ್ಟ್ ಇಪ್ಪತ್ತು ವರ್ಷ ಸುತ್ತಿದೆ. ಆ ಸುತ್ತಾಟ ಗೊತ್ತಿದ್ದರೆ ಈಗಿನ ಕಾನೂನು ಯಾಕೆ ಹೀಗಿದೆ ಎಂಬುದು ತಿಳಿಯುತ್ತದೆ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ 1872ರ ಸಾಕ್ಷ್ಯ ಕಾಯ್ದೆಗೆ 65ಎ ಮತ್ತು 65ಬಿ ಕಲಂಗಳು ಸೇರಿದ್ದು 2000ದಲ್ಲಿ. ಕಂಪ್ಯೂಟರಿನಿಂದ ತೆಗೆದ ಪ್ರತಿಯನ್ನು ಸಾಕ್ಷ್ಯವಾಗಿ ಕೊಡಬೇಕಾದರೆ ಸಾಧನದ ಹೊಣೆ ಹೊತ್ತವರು ಒಂದು ಪ್ರಮಾಣಪತ್ರ ಕೊಡಬೇಕು ಎಂದಿತ್ತು. ಮೊದಮೊದಲು ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸಂಸತ್ ದಾಳಿ ಪ್ರಕರಣದ 2005ರ ತೀರ್ಪಿನಲ್ಲಿ ದೂರವಾಣಿ ಕರೆಗಳ ಪಟ್ಟಿಗೆ ಪ್ರಮಾಣಪತ್ರ ಇಲ್ಲದಿದ್ದರೂ ನಡೆಯುತ್ತದೆ, ದಾಖಲೆಯ ಪ್ರತಿಯನ್ನು ಸಾಬೀತು ಮಾಡುವ ಹಳೆಯ ದಾರಿ ಇದ್ದೇ ಇದೆ ಎಂದು ಸುಪ್ರೀಂ ಕೋರ್ಟೇ ಹೇಳಿತ್ತು. ಕೆಳಗಿನ ಕೋರ್ಟುಗಳು ಒಂಬತ್ತು ವರ್ಷ ಅದರ ನೆರಳಲ್ಲಿ ನಡೆದವು.

2014ರ ಸೆಪ್ಟೆಂಬರ್ 18ರಂದು ಅನ್ವರ್ ವಿರುದ್ಧ ಬಶೀರ್ ತೀರ್ಪು ಬಂತು. ಕೇರಳದ ಒಂದು ವಿಧಾನಸಭಾ ಚುನಾವಣೆಯ ತಕರಾರು ಅದು. ಪ್ರಚಾರದ ಹಾಡು, ಭಾಷಣ, ಘೋಷಣೆಗಳನ್ನು ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಸಿ.ಡಿ. ಮಾಡಿ ಕೋರ್ಟಿಗೆ ಕೊಟ್ಟಿದ್ದರು. ಜೊತೆಗೆ ಪ್ರಮಾಣಪತ್ರ ಇರಲಿಲ್ಲ. ಮೂವರು ನ್ಯಾಯಮೂರ್ತಿಗಳ ಪೀಠ ಆ ಸಿ.ಡಿ.ಗಳನ್ನು ಪಕ್ಕಕ್ಕಿಟ್ಟಿತು. ಎಲೆಕ್ಟ್ರಾನಿಕ್ ದಾಖಲೆಗೆ 65ಬಿ ಎಂಬ ವಿಶೇಷ ಕಲಂ ಇರುವಾಗ ಸಾಮಾನ್ಯ ಕಲಮಿನ ಹಿತ್ತಿಲ ಬಾಗಿಲಿನಿಂದ ಒಳಗೆ ಬರುವಂತಿಲ್ಲ ಎಂಬುದು ಅದರ ತಿರುಳು. ದೇಶದಾದ್ಯಂತ ವಕೀಲರು ಪ್ರಮಾಣಪತ್ರದ ನಮೂನೆ ಹುಡುಕತೊಡಗಿದ್ದು ಆಗ. ಕಾಯ್ದೆಯಲ್ಲಿ ನಮೂನೆಯೇ ಇರಲಿಲ್ಲ. ಒಬ್ಬರ ಅರ್ಧ ಪುಟದ ಕರಡು ಇನ್ನೊಬ್ಬರ ಆಫೀಸಿಗೆ ಹೋಗಿ, ಅಲ್ಲಿಂದ ಮತ್ತೊಂದು ಜಿಲ್ಲೆಗೆ ಹೋಗಿ, "ಸದರಿ ಕಂಪ್ಯೂಟರ್ ಸುಸ್ಥಿತಿಯಲ್ಲಿತ್ತು" ಎಂಬ ವಾಕ್ಯ ಎಲ್ಲ ಕೋರ್ಟುಗಳಲ್ಲಿ ಒಂದೇ ತಪ್ಪಿನೊಂದಿಗೆ ಕಾಣಿಸಿಕೊಂಡಿತು.

2018ರ ಶಾಫಿ ಮೊಹಮ್ಮದ್ ತೀರ್ಪಿನಲ್ಲಿ ಇಬ್ಬರ ಪೀಠ ಸ್ವಲ್ಪ ಸಡಿಲ ಮಾಡಿತು. ಸಾಧನ ತನ್ನ ಕೈಯಲ್ಲಿ ಇಲ್ಲದವನಿಂದ ಪ್ರಮಾಣಪತ್ರ ಕೇಳುವುದು ನ್ಯಾಯವಲ್ಲ ಎಂಬುದು ಅದರ ವಾದ. ಮೂವರ ಪೀಠ ಹೇಳಿದ್ದನ್ನು ಇಬ್ಬರ ಪೀಠ ಸಡಿಲಿಸಿದ್ದರಿಂದ ಗೊಂದಲ ಎದ್ದಿತು. ಅದನ್ನು ಬಗೆಹರಿಸಿದ್ದು 2020ರ ಜುಲೈ 14ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪು. ಕಾನೂನು ವಿದ್ಯಾರ್ಥಿಗಳು ಪೂರ್ತಿ ಓದಬೇಕಾದ ತೀರ್ಪು ಇದೊಂದೇ ಎಂದು ನಾನು ಹೇಳುತ್ತೇನೆ. ಉಳಿದವುಗಳ ಸಾರ ಇದರೊಳಗೇ ಇದೆ.

ಅದೂ ಚುನಾವಣಾ ತಕರಾರೇ. ಮಹಾರಾಷ್ಟ್ರದ ಜಾಲನಾ ಕ್ಷೇತ್ರ, 2014. ಗೆದ್ದ ಅಂತರ 296 ಮತ. ನಾಮಪತ್ರ ಸಲ್ಲಿಸಲು ಕೊನೆಯ ಗಳಿಗೆ ಸೆಪ್ಟೆಂಬರ್ 27ರ ಮಧ್ಯಾಹ್ನ ಮೂರು ಗಂಟೆ. ಗೆದ್ದವರು ಆ ಹೊತ್ತು ಮೀರಿ ಸಲ್ಲಿಸಿದರು ಎಂಬುದು ಸೋತವರ ಆರೋಪ. ಚುನಾವಣಾಧಿಕಾರಿಯ ಕಚೇರಿಯ ಒಳಗೂ ಹೊರಗೂ ಕ್ಯಾಮೆರಾ ಇದ್ದವು. ಹೈಕೋರ್ಟ್ ಹೇಳಿದ ಮೇಲೆ ವಿಡಿಯೊ ಸಿ.ಡಿ.ಗಳು ಬಂದವು. ಪ್ರಮಾಣಪತ್ರ ಮಾತ್ರ ಎಷ್ಟು ಕೇಳಿದರೂ ಅಧಿಕಾರಿಗಳು ಕೊಡಲಿಲ್ಲ. ನಾಮಪತ್ರ ಬಂದದ್ದು ಎಷ್ಟು ಹೊತ್ತಿಗೆ ಎಂದು ಸರ್ಕಾರಿ ಗೋಡೆಯ ಮೇಲಿನ ಕ್ಯಾಮೆರಾಕ್ಕೆ ಗೊತ್ತು, ಅದನ್ನು ಸಾಬೀತು ಮಾಡುವ ಕಾಗದ ಸರ್ಕಾರದ ಕಪಾಟಿನಲ್ಲೇ ಇದೆ. ಇಂಥ ಹೊತ್ತಲ್ಲಿ ಏನು ಮಾಡಬೇಕು?

ಪೀಠ ಕೊಟ್ಟ ಉತ್ತರವನ್ನು ಬಿಡಿಸಿ ಹೇಳುತ್ತೇನೆ. ಪ್ರತಿ ಕೊಡುವುದಾದರೆ ಪ್ರಮಾಣಪತ್ರ ಕಡ್ಡಾಯ, ಬಾಯಿಮಾತಿನ ಸಾಕ್ಷ್ಯ ಅದರ ಜಾಗ ತುಂಬುವುದಿಲ್ಲ. ಶಾಫಿ ಮೊಹಮ್ಮದ್ ತೀರ್ಪು ಸರಿಯಲ್ಲ. ಮೂಲ ಸಾಧನವನ್ನೇ, ಎಂದರೆ ಫೋನು, ಟ್ಯಾಬ್, ಲ್ಯಾಪ್‌ಟಾಪನ್ನೇ ಅದರ ಮಾಲೀಕ ಕೋರ್ಟಿಗೆ ತಂದು, ಸಾಕ್ಷಿಕಟ್ಟೆ ಹತ್ತಿ, ಇದು ನನ್ನದು, ಸಂದೇಶ ಇದರಲ್ಲೇ ಇದೆ ಎಂದು ಹೇಳಿದರೆ ಪ್ರಮಾಣಪತ್ರ ಬೇಕಿಲ್ಲ. ಪ್ರಮಾಣಪತ್ರ ಕೊಡಬೇಕಾದವರು ಕೊಡದಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ತರಿಸಿಕೊಳ್ಳಿ. ನಿಮ್ಮಿಂದ ಆಗುವುದನ್ನೆಲ್ಲ ಮಾಡಿಯೂ ಸಿಗದಿದ್ದರೆ, ಆಗದ್ದನ್ನು ಮಾಡೆಂದು ಕಾನೂನು ಬಲವಂತ ಮಾಡುವುದಿಲ್ಲ. ಜಾಲನಾದವರಿಗೆ ಈ ಕೊನೆಯ ರಿಯಾಯಿತಿ ದಕ್ಕಿತು. ದಕ್ಕಿದ್ದು ಯಾಕೆಂದರೆ ಅವರು ಕೇಳಿದ್ದಕ್ಕೆ, ಮತ್ತೆ ಮತ್ತೆ ಕೇಳಿದ್ದಕ್ಕೆ ದಾಖಲೆ ಇತ್ತು. ಇದನ್ನು ಮರೆತು "ಸಿಗಲಿಲ್ಲ ಸ್ವಾಮಿ" ಎಂದು ವಾದದ ದಿನ ಹೇಳಿದರೆ ಈ ತೀರ್ಪು ನಿಮ್ಮ ನೆರವಿಗೆ ಬರುವುದಿಲ್ಲ.

ನಮ್ಮ ರಾಜ್ಯದಿಂದ ಹೋದ ಒಂದು ಪ್ರಕರಣವನ್ನೂ ಇಲ್ಲೇ ಸೇರಿಸಬೇಕು. ಕರ್ನಾಟಕ ಸರ್ಕಾರ ವಿರುದ್ಧ ಹಿರೇಮಠ, 2019. ಲೋಕಾಯುಕ್ತದ ಲಂಚದ ಪ್ರಕರಣ, ಗುಪ್ತ ಕ್ಯಾಮೆರಾದ ರೆಕಾರ್ಡಿಂಗ್. ದೋಷಾರೋಪಣ ಪಟ್ಟಿಯ ಜೊತೆ 65ಬಿ ಪ್ರಮಾಣಪತ್ರ ಇರಲಿಲ್ಲ ಎಂಬುದು ಆರೋಪಿಯ ಪರ ವಾದ. ಪ್ರಮಾಣಪತ್ರದ ಮಾತು ಬರುವುದು ದಾಖಲೆಯನ್ನು ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಾಗ, ಪಟ್ಟಿ ಸಲ್ಲಿಸುವ ಹೊತ್ತಿಗೆ ಇಲ್ಲದಿದ್ದರೆ ಅದೇ ಪ್ರಕರಣಕ್ಕೆ ಮರಣಶಾಸನವಲ್ಲ ಎಂದಿತು ಸುಪ್ರೀಂ ಕೋರ್ಟ್. ಆರೋಪಿಯ ಪರ ಡಿಸ್ಚಾರ್ಜ್ ಅರ್ಜಿ ಹಾಕುವ ಕಿರಿಯ ವಕೀಲರು ಇದನ್ನು ಓದದೆ ಹೋಗಿ ಮುಜುಗರಪಟ್ಟುಕೊಳ್ಳುವುದುಂಟು.

ಈಗ 2024ರ ಜುಲೈ 1ರ ಈಚೆಗೆ ಬರೋಣ. ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಾದ ದಿನ ಅದು. 65ಬಿ ಹೋಗಿ 63ನೇ ಕಲಂ ಬಂದಿದೆ. ಅಂದು ಬಾಕಿಯಿದ್ದ ವಿಚಾರಣೆ, ತನಿಖೆ, ಮೇಲ್ಮನವಿಗಳು ಹಳೆಯ ಕಾಯ್ದೆಯಲ್ಲೇ ಮುಂದುವರಿಯುತ್ತವೆ ಎಂದು 170ನೇ ಕಲಂ ಹೇಳುತ್ತದೆ. ಹಾಗಾಗಿ ಇನ್ನೂ ಹಲವು ವರ್ಷ ಒಂದೇ ಕೋರ್ಟ್ ಹಾಲಿನಲ್ಲಿ ಬೆಳಗಿನ ಕೇಸಿಗೆ 65ಬಿ, ಮಧ್ಯಾಹ್ನದ ಕೇಸಿಗೆ 63 ನಡೆಯಲಿದೆ. ಫೈಲು ತೆರೆದ ಕೂಡಲೇ ಮೊದಲು ತಾರೀಖು ನೋಡಿ.

ಹೊಸ ಕಲಮಿನ ದೊಡ್ಡ ಬದಲಾವಣೆ ಪ್ರಮಾಣಪತ್ರಕ್ಕೆ ಒಂದು ನಿಗದಿತ ನಮೂನೆ ಬಂದದ್ದು. ಅಧಿನಿಯಮದ ಕೊನೆಯಲ್ಲಿರುವ ಅನುಸೂಚಿಯಲ್ಲಿ ಅದು ಎರಡು ಭಾಗವಾಗಿದೆ. ಭಾಗ ಎ ತುಂಬುವವರು ಪಕ್ಷಕಾರರು, ಭಾಗ ಬಿ ತುಂಬುವವರು ಪರಿಣತರು. ಮೊದಲು ಒಂದು ಸಹಿ ಸಾಕಿತ್ತು, ಈಗ ಎರಡು ಬೇಕು. ದಾಖಲೆಯನ್ನು ಸಾಕ್ಷ್ಯಕ್ಕೆ ಸಲ್ಲಿಸುವ ಪ್ರತಿ ಸಲವೂ ಪ್ರಮಾಣಪತ್ರ ಜೊತೆಗಿರಬೇಕು ಎಂದೂ ಕಲಮಿನಲ್ಲಿದೆ.

ನಮ್ಮ ಬ್ಯಾಡಗಿ ವ್ಯಾಪಾರಿಯ ಕೈಯಲ್ಲಿ ಭಾಗ ಎ ಇಟ್ಟು ನೋಡೋಣ. ಹೆಸರು, ತಂದೆಯ ಹೆಸರು, ವಾಸ ಆದ ಮೇಲೆ ಮೂಲ ಯಾವುದು ಎಂದು ಗುರುತು ಹಾಕಬೇಕು: ಕಂಪ್ಯೂಟರ್, ಡಿ.ವಿ.ಆರ್., ಮೊಬೈಲ್, ಪೆನ್‌ಡ್ರೈವ್, ಸಿ.ಡಿ., ಸರ್ವರ್, ಕ್ಲೌಡ್, ಇತರೆ. ಅವರು ಮೊಬೈಲ್ ಎಂದು ಗುರುತು ಹಾಕುತ್ತಾರೆ. ಕಂಪನಿ, ಮಾಡೆಲ್, ಬಣ್ಣ, ಸೀರಿಯಲ್ ನಂಬರ್, ಐ.ಎಂ.ಇ.ಐ. ಸಂಖ್ಯೆ. ಹೌದು, ಬಣ್ಣವನ್ನೂ ಕೇಳಿದ್ದಾರೆ. ಫೋನಿಗೆ ಕವರು ಹಾಕಿದ್ದರೆ ತೆಗೆದು ನೋಡಿ ಬರೆಯಿರಿ, ಪಾಟಿಸವಾಲಿನಲ್ಲಿ ಕಪ್ಪು, ನೀಲಿ ಎಂದು ಜಗಳ ಬೇಡ. ಐ.ಎಂ.ಇ.ಐ. ಬೇಕೆಂದರೆ ಫೋನಿನಲ್ಲಿ ನಕ್ಷತ್ರ ಚಿಹ್ನೆ, ಹ್ಯಾಶ್ ಚಿಹ್ನೆ, 06, ಮತ್ತೆ ಹ್ಯಾಶ್ ಚಿಹ್ನೆ ಒತ್ತಿ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ ಬರುತ್ತವೆ, ಎರಡನ್ನೂ ಬರೆಯಿರಿ. ಆ ಸಾಧನ ನನ್ನ ಕಾನೂನುಬದ್ಧ ಹತೋಟಿಯಲ್ಲಿತ್ತು, ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬ ಮಾತು ನಮೂನೆಯಲ್ಲೇ ಇದೆ. ಅದರ ಕೆಳಗೆ ದಿನಾಂಕ, ಸ್ಥಳ, ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ಸಮಯ.

ಇದರ ನಡುವೆ ಒಂದು ಸಾಲಿದೆ, ಹಿರಿಯ ವಕೀಲರೂ ಪೆನ್ನು ಕೆಳಗಿಡುವ ಸಾಲು: ಹ್ಯಾಶ್ ಮೌಲ್ಯ.

ಹ್ಯಾಶ್ ಎಂದರೆ ಕಡತದ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. ಕಡತ ಹನ್ನೊಂದು ಸೆಕೆಂಡಿನದಿರಲಿ, ಮೂರು ಗಂಟೆಯದಿರಲಿ, ಎಸ್‌ಎಚ್‌ಎ-256 ಎಂಬ ಲೆಕ್ಕಕ್ಕೆ ಕೊಟ್ಟರೆ ಅಂಕಿ ಅಕ್ಷರ ಬೆರೆತ 64 ಗುರುತುಗಳ ಒಂದು ಸಾಲು ಹೊರಬರುತ್ತದೆ. ಅದೇ ಕಡತವನ್ನು ಹತ್ತು ವರ್ಷದ ನಂತರ ಕೊಟ್ಟರೂ ಅದೇ ಸಾಲು. ಒಳಗೆ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆ. ನಂಬಿಕೆ ಬಾರದಿದ್ದರೆ ಇವತ್ತು ಸಂಜೆಯೇ ಮಾಡಿ ನೋಡಿ. ಒಂದು ಪಠ್ಯ ಕಡತದಲ್ಲಿ "ನಾಲ್ಕು ಲಕ್ಷ" ಎಂದು ಬರೆದು ಉಳಿಸಿ. ವಿಂಡೋಸ್ ಕಂಪ್ಯೂಟರಿನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶ ಮೊದಲೇ ಇರುತ್ತದೆ, ಅದರಿಂದ ಹ್ಯಾಶ್ ತೆಗೆಯಿರಿ. ಆಮೇಲೆ ಕೊನೆಗೆ ಒಂದು ಚುಕ್ಕಿ ಸೇರಿಸಿ ಮತ್ತೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹೋಲಿಕೆಯೂ ಇರುವುದಿಲ್ಲ. ಈಗ ಚುಕ್ಕಿ ತೆಗೆದು ಉಳಿಸಿ. ಹಳೆಯ ಸಾಲು ವಾಪಸ್ ಬರುತ್ತದೆ. ಕಡತದ ಹೆಸರು ಬದಲಿಸಿ. ಹ್ಯಾಶ್ ಅಲುಗುವುದಿಲ್ಲ, ಯಾಕೆಂದರೆ ಅದು ನೋಡುವುದು ಒಳಗಿನದನ್ನು. ಇಷ್ಟನ್ನು ಕೈಯಾರೆ ಮಾಡಿದ ವಕೀಲರಿಗೆ ಪರಿಣತರ ಪಾಟಿಸವಾಲು ಮಾಡುವ ಧೈರ್ಯ ಬರುತ್ತದೆ, ಪುಸ್ತಕ ಓದಿದ್ದಕ್ಕಿಂತ ಹೆಚ್ಚು.

ನಮೂನೆಯಲ್ಲಿ ಎಂಡಿ5 ಮತ್ತು ಎಸ್‌ಎಚ್‌ಎ-1ಕ್ಕೂ ಜಾಗ ಕೊಟ್ಟಿದ್ದಾರೆ. ಅವನ್ನು ಆರಿಸಬೇಡಿ. ಎಸ್‌ಎಚ್‌ಎ-1ರಲ್ಲಿ ಎರಡು ಬೇರೆ ಬೇರೆ ಕಡತಗಳಿಗೆ ಒಂದೇ ಹ್ಯಾಶ್ ಬರುವಂತೆ ಮಾಡಬಹುದು ಎಂದು ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2017ರಲ್ಲೇ ಮಾಡಿ ತೋರಿಸಿದ್ದಾರೆ. ಎಂಡಿ5 ಅದಕ್ಕೂ ಮೊದಲೇ ಸೋತಿತ್ತು. 2023ರಲ್ಲಿ ರಚನೆಯಾದ ಈ ಅಧಿನಿಯಮ ಇವನ್ನು ಯಾಕೆ ಉಳಿಸಿಕೊಂಡಿತೋ, ನನಗಂತೂ ಸರಿ ಕಂಡಿಲ್ಲ. ಎದುರಿನವರು ಎಂಡಿ5 ಹಾಕಿ ತಂದರೆ ಕೇಳಲು ನಿಮಗೊಂದು ಪ್ರಶ್ನೆ ಸಿಕ್ಕಿತು ಎಂದುಕೊಳ್ಳಿ.

ಹ್ಯಾಶ್ ಅರ್ಥವಾದ ಮೇಲೆ ಫಾರ್ವರ್ಡಿನ ಅಪಾಯವೂ ಅರ್ಥವಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ, ವಿಡಿಯೊ ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ಅವು ಕುಗ್ಗುತ್ತವೆ. ಕಣ್ಣಿಗೆ ಅದೇ ಚಿತ್ರ, ಹ್ಯಾಶಿಗೆ ಬೇರೆ ಕಡತ. ಮೂಲ ಫೋನಿನಲ್ಲಿರುವುದಕ್ಕೂ ನೀವು ಸಲ್ಲಿಸಿದ್ದಕ್ಕೂ ತಾಳೆಯಾಗುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಧ್ವನಿ ಸಂದೇಶಗಳು ವಾಟ್ಸ್‌ಆ್ಯಪಿನದೇ ಒಂದು ಫೋಲ್ಡರಿನಲ್ಲಿ ಇರುತ್ತವೆ. ಹೆಸರು ಪಿಟಿಟಿ ಎಂದು ಶುರುವಾಗಿ ಮುಂದೆ ದಿನಾಂಕ ಇರುತ್ತದೆ. ಆ ಕಡತವನ್ನು ಫೋನಿನ ಮಾಲೀಕರ ಎದುರಿಗೇ ವೈರಿನ ಮೂಲಕ ಹೊಸ ಪೆನ್‌ಡ್ರೈವಿಗೆ ತೆಗೆದುಕೊಂಡು, ಅದೇ ಕೂತಲ್ಲಿ ಹ್ಯಾಶ್ ತೆಗೆದು, ಗಂಟೆ ಬರೆದು, ಭಾಗ ಎಗೆ ಸಹಿ ಹಾಕಿಸಿ. ಸಂದೇಶ ಇರುವ ಪರದೆಯ ಚಿತ್ರವೂ ಬೇಕು, ಕಳಿಸಿದವನ ನಂಬರು ಮತ್ತು ದಿನಾಂಕ ಕಾಣುವಂತೆ. ನಂಬರಿನ ಬದಲು "ಮಲ್ಲಣ್ಣ ಮಾರ್ಕೆಟ್" ಎಂದು ಉಳಿಸಿಕೊಂಡಿದ್ದರೆ ಕಾಂಟ್ಯಾಕ್ಟ್ ತೆರೆದು ನಂಬರು ತೋರಿಸುವ ಚಿತ್ರವನ್ನೂ ಸೇರಿಸಿ.

ಭಾಗ ಬಿಗೆ ಸಹಿ ಹಾಕುವ ಪರಿಣತರು ಯಾರು? 63ನೇ ಕಲಂ ಬಿಡಿಸಿ ಹೇಳುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ಎ ಕಲಮಿನಡಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಪರೀಕ್ಷಕರೇ ಆಗಬೇಕು ಎಂಬುದು ಒಂದು ವಾದ. ಸಾಕ್ಷ್ಯ ಅಧಿನಿಯಮದ 39ನೇ ಕಲಂ ಯಾವುದೇ ಕ್ಷೇತ್ರದಲ್ಲಿ ವಿಶೇಷ ಪರಿಣತಿ ಇದ್ದವರನ್ನು ಒಪ್ಪುವುದರಿಂದ ಅಂಥ ಖಾಸಗಿ ತಜ್ಞರೂ ಸಾಕು ಎಂಬುದು ಇನ್ನೊಂದು. ನಾಲ್ಕು ಲಕ್ಷದ ದಾವೆಗೆ ಸರ್ಕಾರಿ ಪ್ರಯೋಗಾಲಯದ ಬಾಗಿಲಲ್ಲಿ ಕಾಯಿ ಎಂದರೆ ಕಾನೂನು ಬಡವರ ಪಾಲಿಗೆ ಮುಚ್ಚಿದಂತೆ. ಎರಡನೆಯ ವಾದವೇ ನನಗೆ ಒಪ್ಪಿತ. ಆದರೆ ಮೊಬೈಲ್ ರಿಪೇರಿ ಅಂಗಡಿಯ ಹುಡುಗನ ಸಹಿ ಹಾಕಿಸಬೇಡಿ. ಓದು, ಅನುಭವ, ಬಳಸಿದ ಉಪಕರಣ ಇಷ್ಟನ್ನು ಕೋರ್ಟಿನ ಮುಂದೆ ಹೇಳಬಲ್ಲವರು ಬೇಕು, ಯಾಕೆಂದರೆ ಅವರನ್ನೂ ಸಾಕ್ಷಿಕಟ್ಟೆಗೆ ಕರೆಯಬಹುದು.

ಖರ್ಚು ಹೆಚ್ಚಾಯಿತೆಂದರೆ ಫೋನನ್ನೇ ಹಾಜರುಪಡಿಸುವ ದಾರಿ ಇದೆ. ಹೊಸ ಅಧಿನಿಯಮದ 57ನೇ ಕಲಂ ಇದಕ್ಕೆ ಇನ್ನಷ್ಟು ಬಲ ಕೊಟ್ಟಿದೆ: ಒಂದೇ ವಿಡಿಯೊ ಏಕಕಾಲಕ್ಕೆ ಎರಡು ಕಡೆ ಉಳಿದಿದ್ದರೆ ಎರಡೂ ಪ್ರಾಥಮಿಕ ಸಾಕ್ಷ್ಯ, ಯೋಗ್ಯ ವಶದಿಂದ ಬಂದ ಎಲೆಕ್ಟ್ರಾನಿಕ್ ದಾಖಲೆಯನ್ನು ಯಾರೂ ವಿವಾದ ಮಾಡದಿದ್ದರೆ ಅದೂ ಪ್ರಾಥಮಿಕ ಸಾಕ್ಷ್ಯ. ಕಷ್ಟವೆಂದರೆ, ಗುರುತು ಬಿದ್ದ ಫೋನು ಕೋರ್ಟಿನ ವಶಕ್ಕೆ ಹೋಗುತ್ತದೆ. ವ್ಯಾಪಾರಿಯ ಇಡೀ ವ್ಯವಹಾರ ಅದರಲ್ಲೇ ಇದೆ. ಆ ದಾರಿ ಹಿಡಿಯುವುದಾದರೆ ಮೊದಲೇ ಹೇಳಿ, ಹೊಸ ಫೋನು ಕೊಂಡುಕೊಳ್ಳಲಿ.

ಬೇರೆಯವರ ಕೈಯಲ್ಲಿರುವ ದಾಖಲೆಗೆ ಕಾಲವೇ ಶತ್ರು. ಅಂಗಡಿಯ ಡಿ.ವಿ.ಆರ್. ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಎಷ್ಟು ದಿನದ ದೃಶ್ಯ ಉಳಿಯುತ್ತದೆ ಎಂಬುದು ಅದರ ಡಿಸ್ಕಿನ ಗಾತ್ರಕ್ಕೆ ಬಿಟ್ಟದ್ದು. ನಮ್ಮ ಗೋದಾಮಿನ ಎದುರಿನ ಕ್ಯಾಮೆರಾ ಲಾರಿಯನ್ನು ಹಿಡಿದಿರಬಹುದು ಎಂಬ ಅನುಮಾನ ಬಂದ ದಿನವೇ ಆ ಅಂಗಡಿಗೆ ಲಿಖಿತ ನೋಟಿಸು ಹೋಗಬೇಕು. ಫೋನ್ ಕರೆಗಳ ವಿವರವನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು ಲೈಸೆನ್ಸಿನ ಷರತ್ತನ್ನು 2021ರ ಡಿಸೆಂಬರಿನಲ್ಲಿ ತಿದ್ದಲಾಗಿದೆ. ದಾವೆ ಹೂಡಿ, ಸಮನ್ಸು ಮುಟ್ಟಿ, ವಿವಾದಾಂಶ ರಚನೆಯಾಗುವ ಹೊತ್ತಿಗೆ ಎರಡು ವರ್ಷ ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ. ಸಿವಿಲ್ ದಾವೆಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಆದೇಶ, ಕ್ರಿಮಿನಲ್ ಪ್ರಕರಣದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಬಳಸಿ ಬೇಗ ಅರ್ಜಿ ಹಾಕಿ. ಅರ್ಜಿಯಲ್ಲಿ ದಾಖಲೆಯ ಜೊತೆ ಪ್ರಮಾಣಪತ್ರವನ್ನೂ ಕೇಳಿ. ಕೇಳದೆ ಬಂದ ದಾಖಲೆ ಸಾಮಾನ್ಯವಾಗಿ ಒಂಟಿಯಾಗಿಯೇ ಬರುತ್ತದೆ.

ಎದುರು ಕಟ್ಟೆಯಲ್ಲಿ ನಿಂತವರಿಗೂ ಒಂದು ಮಾತು. ಪ್ರಮಾಣಪತ್ರ ಇಲ್ಲ ಎಂಬ ತಕರಾರನ್ನು ದಾಖಲೆ ಗುರುತಿಸುವ ಗಳಿಗೆಯಲ್ಲೇ ಎತ್ತಬೇಕು. 2017ರ ಸೋನು ಪ್ರಕರಣದಲ್ಲಿ ಕರೆ ವಿವರಗಳನ್ನು ಕೆಳಗಿನ ಕೋರ್ಟಿನಲ್ಲಿ ಸುಮ್ಮನೆ ಗುರುತಿಸಲು ಬಿಟ್ಟವರು ಸುಪ್ರೀಂ ಕೋರ್ಟಿನಲ್ಲಿ ತಕರಾರು ತೆಗೆದರು. ಆಗಲೇ ಹೇಳಿದ್ದರೆ ಎದುರಿನವರು ಸರಿಪಡಿಸಿಕೊಳ್ಳುತ್ತಿದ್ದರು, ಈಗ ತಡವಾಯಿತು ಎಂದು ಕೋರ್ಟ್ ತಳ್ಳಿಹಾಕಿತು. ನಮ್ಮ ಕೋರ್ಟುಗಳಲ್ಲಿ "ತಕರಾರಿಗೆ ಒಳಪಟ್ಟು ಗುರುತಿಸಲಾಗಿದೆ" ಎಂದು ಬರೆಸುವ ಪದ್ಧತಿ ಇದೆಯಲ್ಲ, ಆ ಒಂದು ಸಾಲು ಹಾಳೆಯ ಮೇಲೆ ಬಿದ್ದಿದೆಯೇ ಎಂದು ಸಂಜೆ ನೋಡಿಕೊಂಡೇ ಮನೆಗೆ ಹೋಗಿ.

ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಗೆದ್ದೆವು ಎಂದೂ ಅಲ್ಲ. ಅದು ದಾಖಲೆಯನ್ನು ಕೋರ್ಟಿನೊಳಗೆ ಬಿಡುವ ಟಿಕೆಟ್. ಧ್ವನಿ ಅವನದೇ, ನಂಬರು ಅವನದೇ, ಆ ರಾತ್ರಿ ಮಾತಾಡಿದವನು ಅವನೇ ಎಂಬುದನ್ನು ಸಾಕ್ಷಿಗಳಿಂದಲೇ ಸಾಬೀತು ಮಾಡಬೇಕು. ಪ್ರಮಾಣಪತ್ರ ಇಲ್ಲದೆ ದಾಖಲೆ ಬಿದ್ದುಹೋದರೆ ಇಡೀ ಕೇಸು ಬೀಳಬೇಕೆಂದೂ ಇಲ್ಲ. ಕೆಂಪುಕೋಟೆ ದಾಳಿಯ ಪ್ರಕರಣದ ಪುನರ್‌ಪರಿಶೀಲನೆಯಲ್ಲಿ, 2022ರ ನವೆಂಬರ್ 3ರಂದು, ಸುಪ್ರೀಂ ಕೋರ್ಟ್ ಪ್ರಮಾಣಪತ್ರವಿಲ್ಲದ ಕರೆ ವಿವರಗಳನ್ನು ಪಕ್ಕಕ್ಕಿಟ್ಟೇ ಉಳಿದ ಸಾಕ್ಷ್ಯವನ್ನು ತೂಗಿತು; ಶಿಕ್ಷೆ ಹಾಗೆಯೇ ಉಳಿಯಿತು.

ಗಂಡಹೆಂಡಿರ ನಡುವಿನ ಗುಟ್ಟಿನ ರೆಕಾರ್ಡಿಂಗ್ ಬಗ್ಗೆ ಈಚೆಗೆ ಎಲ್ಲರೂ ಕೇಳುತ್ತಾರೆ. 2025ರ ಜುಲೈ 14ರಂದು, ಖೋತ್ಕರ್ ತೀರ್ಪಿಗೆ ಸರಿಯಾಗಿ ಐದು ವರ್ಷ ತುಂಬಿದ ದಿನ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಒಂದು ವಿಚ್ಛೇದನ ಪ್ರಕರಣದಲ್ಲಿ ಅಂಥ ರೆಕಾರ್ಡಿಂಗನ್ನು ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿತು. ದಂಪತಿಯ ನಡುವಿನ ಮಾತನ್ನು ಕಾಪಾಡುವ ಹಳೆಯ 122ನೇ ಕಲಂ ಅವರಿಬ್ಬರ ನಡುವಿನ ವ್ಯಾಜ್ಯಕ್ಕೆ ಅಡ್ಡಬರುವುದಿಲ್ಲ ಎಂಬುದು ಕಾರಣ. ಪತ್ರಿಕೆಯ ತಲೆಬರಹ ನೋಡಿ ಕದ್ದು ರೆಕಾರ್ಡ್ ಮಾಡಿಕೊಂಡು ಬರುವವರಿಗೆ ಒಂದು ವಿಷಯ ತಿಳಿಸಿ: ಧ್ವನಿ ಯಾರದೆಂದು ಗುರುತಿಸುವುದು, ತಿದ್ದಿಲ್ಲವೆಂದು ತೋರಿಸುವುದು, ಪ್ರತಿ ಕೊಟ್ಟರೆ ಪ್ರಮಾಣಪತ್ರ ಸಲ್ಲಿಸುವುದು ಅವರಿಗೂ ತಪ್ಪಿಲ್ಲ.

ಬ್ಯಾಡಗಿಯವರು ಇನ್ನೂ ನಿಮ್ಮ ಎದುರೇ ಕೂತಿದ್ದಾರೆ, ಬೆರಳು ಫಾರ್ವರ್ಡ್ ಬಾಣದ ಮೇಲಿದೆ. ತಡೆಯಿರಿ. ಆ ಸಂದೇಶ ತಾನಾಗಿ ಅಳಿಯುವ ಸೆಟ್ಟಿಂಗ್ ಹಾಕಿದೆಯೇ ನೋಡಿ, ಫೋನು ಮಾರಬೇಡಿ ರಿಪೇರಿಗೂ ಕೊಡಬೇಡಿ ಎಂದು ಹೇಳಿ, ವಕಾಲತ್ತಿಗೆ ಸಹಿ ಹಾಕಿಸುವ ಮೊದಲೇ ಐ.ಎಂ.ಇ.ಐ. ಸಂಖ್ಯೆ ಬರೆದುಕೊಳ್ಳಿ.